ಮಳೆ ರಜೆಯ ದಿನ ಬಾರದ ಹೊಟ್ಟೆನೋವು

ಪ್ರಶ್ನೆ: ನಾವು ನಾಪೋಕ್ಲು ಕಡೆಯವರು. ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು, ಓದುವುದು ಮಡಿಕೇರಿಯಲ್ಲಿ. ಏಳಕ್ಕೆ ವ್ಯಾನ್ ಬರುತ್ತದೆ ಅಂತ ಐದೂಮುಕ್ಕಾಲಿಗೇ ಎಬ್ಬಿಸುತ್ತೇನೆ. ಬೆಲ್ಲದ ಕಾಫಿ ಕುಡಿದು ಹೊರಡುತ್ತಾಳೆ, ತಿಂಡಿ ಸೇರುವುದಿಲ್ಲ. ಸಂಜೆ ಐದಕ್ಕೆ ಬಂದವಳು ಟ್ಯೂಷನ್ ಮುಗಿಸುವಾಗ ಏಳು. ಆಮೇಲೆ ಹೋಂವರ್ಕ್, ಸ್ವಲ್ಪ ಮೊಬೈಲ್. ಯಜಮಾನರು ಬಂದ ಮೇಲೆ ಒಂಬತ್ತೂವರೆಗೆ ಎಲ್ಲರಿಗೂ ಊಟ. ಮಲಗುವಾಗ ಹತ್ತೂವರೆ. ಈ ಜೂನ್‌ನಿಂದ ದಿನಾ ಬೆಳಗ್ಗೆ ಹೊಟ್ಟೆನೋವು ಅಂತ ಅಳುತ್ತಾಳೆ. ಮಳೆ ರಜೆ ಅಂದ ಕೂಡಲೇ ನೋವು ಮಾಯ! ಅತ್ತೆ ‘ಎಲ್ಲ ನಾಟಕ, ನಾವು ನಾಲ್ಕು ಮೈಲಿ ನಡೆದು ಶಾಲೆಗೆ ಹೋದವರು’ ಅನ್ನುತ್ತಾರೆ. ಮೈಸೂರಿನ ಹಾಸ್ಟೆಲ್‌ಗೆ ಹಾಕಿದರೆ ಶಿಸ್ತು ಬರುತ್ತದೆ ಎಂಬುದು ಯಜಮಾನರ ಮಾತು. ನನಗೆ ಮನಸ್ಸು ಒಪ್ಪುತ್ತಿಲ್ಲ. ನಾನೇ ಜಾಸ್ತಿ ಮುದ್ದು ಮಾಡಿ ಕೆಡಿಸಿದೆನಾ?
– ಹೆಸರು ಬೇಡ

ಉತ್ತರ: ಇಲ್ಲಮ್ಮ, ನೀವೇನೂ ಕೆಡಿಸಿಲ್ಲ.

ನಿಮ್ಮ ಪತ್ರ ಓದುತ್ತಾ ಅದರ ಅಂಚಿನಲ್ಲೇ ಒಂದು ಲೆಕ್ಕ ಹಾಕಿದೆ. ಹತ್ತೂವರೆಗೆ ಮಲಗಿ ಐದೂಮುಕ್ಕಾಲಿಗೆ ಎದ್ದರೆ ಏಳೂಕಾಲು ಗಂಟೆ ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ತಜ್ಞರು. ಒಂಬತ್ತೇ ಸಾಕು ಅಂದುಕೊಂಡರೂ ದಿನಕ್ಕೆ ಒಂದೂಮುಕ್ಕಾಲು ಗಂಟೆ ಸಾಲ. ಶುಕ್ರವಾರದ ಹೊತ್ತಿಗೆ ಹೆಚ್ಚುಕಮ್ಮಿ ಒಂದು ಇಡೀ ರಾತ್ರಿಯ ನಿದ್ದೆ ಬಾಕಿ. ನಿದ್ದೆ ಸಾಲದ ಮಗು ನಮ್ಮ ಹಾಗೆ ಕೂತಲ್ಲೇ ತೂಕಡಿಸುವುದು ಕಮ್ಮಿ. ಅದು ರಂಪ ಮಾಡುತ್ತದೆ, ಸುಮ್ನೆ ಅಳುತ್ತದೆ, ತಿಂಡಿ ನೋಡಿದರೆ ಮುಖ ತಿರುಗಿಸುತ್ತದೆ.

ನಾಟಕದ ವಿಷಯಕ್ಕೆ ಬರೋಣ. ರಜೆಯ ದಿನ ಬರುವುದಿಲ್ಲ ಅಂದ ಮಾತ್ರಕ್ಕೆ ಆ ನೋವು ಸುಳ್ಳಾಗುವುದಿಲ್ಲ. ಪರೀಕ್ಷೆಯ ಬೆಳಗ್ಗೆ ನಮಗೆಲ್ಲ ಹೊಟ್ಟೆ ಕಲಕಿಲ್ಲವಾ? ಮನಸ್ಸಿನ ಹೆದರಿಕೆ ಮಕ್ಕಳಲ್ಲಿ ಮೊದಲು ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ನೋಯುವುದು ನಿಜವಾಗಿಯೂ ನೋಯುತ್ತದೆ.

ಆದರೂ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ನೋವಿಗೆ ರಾತ್ರಿ ಎಚ್ಚರವಾಗುವುದು, ತೂಕ ಇಳಿಯುವುದು, ಜ್ವರ, ಪದೇ ಪದೇ ವಾಂತಿ, ಮಲದಲ್ಲಿ ರಕ್ತ, ಉರಿಮೂತ್ರ, ಇದರಲ್ಲಿ ಯಾವುದಿದ್ದರೂ ತಡ ಮಾಡಬೇಡಿ. ಆಗಸ್ಟ್ 10 ಮತ್ತು ಫೆಬ್ರವರಿ 10ರ ಹೊತ್ತಿಗೆ ಶಾಲೆಗಳಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರಲ್ಲ, ಅದನ್ನು ನುಂಗಿದ್ದಾಳಾ ಕೇಳಿ. ಇನ್ನೊಂದು, ಯಾರೂ ಕೇಳದ ಪ್ರಶ್ನೆ: ಶಾಲೆಯಲ್ಲಿ ಟಾಯ್ಲೆಟ್‌ಗೆ ಹೋಗುತ್ತಾಳಾ? ಗಲೀಜು ಅಂತಲೋ ನಾಚಿಕೆ ಅಂತಲೋ ಎಷ್ಟೋ ಹೆಣ್ಣುಮಕ್ಕಳು ಬೆಳಗ್ಗೆಯಿಂದ ಸಂಜೆವರೆಗೆ ತಡೆದುಕೊಳ್ಳುತ್ತಾರೆ. ಹೋಗಬೇಕಾಗುತ್ತದೆ ಅಂತ ನೀರೂ ಕುಡಿಯುವುದಿಲ್ಲ. ಬೆಳಗ್ಗೆ ಮನೆಯಲ್ಲೂ ವ್ಯಾನ್‌ನ ಅವಸರ. ಹೀಗೆ ಮಲಬದ್ಧತೆಯಾಗಿ ಬರುವ ಹೊಟ್ಟೆನೋವು ಈ ವಯಸ್ಸಿನಲ್ಲಿ ಬಹಳ ಸಾಮಾನ್ಯ. ಬಾಟಲಿಯ ನೀರು ಹೋದಷ್ಟೇ ವಾಪಸ್ ಬರುತ್ತಿದ್ದರೆ ಅದೇ ಸುಳಿವು.

ನೋವು ಶುರುವಾದದ್ದು ಜೂನ್‌ನಿಂದ ಅಂದಿದ್ದೀರಿ. ಜೂನ್‌ನಲ್ಲಿ ಏನು ಬದಲಾಯಿತು? ಹೊಸ ಟೀಚರ್? ಗೆಳತಿ ಬೇರೆ ಸೆಕ್ಷನ್‌ಗೆ ಹೋದಳಾ? ‘ಯಾಕೆ ಅಳ್ತೀಯ’ ಅಂತ ಕೇಳಿದರೆ ಮಕ್ಕಳು ‘ಗೊತ್ತಿಲ್ಲ’ ಅನ್ನುತ್ತವೆ. ‘ವ್ಯಾನ್‌ನಲ್ಲಿ ನೀನು ಎಲ್ಲಿ ಕೂರ್ತೀಯ, ಪಕ್ಕ ಯಾರು’ ಅಂತ ಕೇಳಿ ನೋಡಿ. ನನ್ನ ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಇದೇ ಕಥೆ. ಮೂರು ವಾರ ಬೈದೆ. ಆಮೇಲೆ ಗೊತ್ತಾಯಿತು: ವ್ಯಾನ್‌ನ ಕೊನೇ ಸೀಟು, ನಮ್ಮೂರಿನ ತಿರುವುಗಳು, ಖಾಲಿ ಹೊಟ್ಟೆ. ಒಮ್ಮೆ ವಾಂತಿ ಮಾಡಿಕೊಂಡಾಗ ದೊಡ್ಡ ಹುಡುಗರು ನಕ್ಕಿದ್ದರು. ಮುಂದಿನ ಸೀಟು ಕೊಡಿಸಿದೆ, ಮುಗಿಯಿತು. ಆ ಮೂರು ವಾರ ನೆನಪಾದರೆ ಈಗಲೂ ಬೇಜಾರಾಗುತ್ತದೆ. ಯಾರಾದರೂ ಹೊಡೆಯುವುದು, ಮುಟ್ಟಬಾರದ ಕಡೆ ಮುಟ್ಟುವುದು ಏನಾದರೂ ಹೇಳಿದರೆ ಮಾತ್ರ ತಕ್ಷಣ ನಂಬಿ. 1098 ಮಕ್ಕಳ ಸಹಾಯವಾಣಿ ಇದೆ, ಹಗಲು ರಾತ್ರಿ ಎತ್ತುತ್ತಾರೆ.

ಇನ್ನು ಕಾಫಿ. ಕೊಡಗಿನಲ್ಲಿ ಕೂತು ಮಕ್ಕಳಿಗೆ ಕಾಫಿ ಬೇಡ ಅಂದರೆ ನನ್ನನ್ನು ಕುಶಾಲನಗರದ ಆಚೆಗೆ ಅಟ್ಟಿಯಾರು! ಆದರೂ ಹೇಳಲೇಬೇಕು. ತಿಂಡಿಯ ಜೊತೆ ಕಾಫಿ, ಟೀ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಸೇರುವುದಿಲ್ಲ. ಸಂಜೆಯ ಲೋಟ ರಾತ್ರಿಯ ನಿದ್ದೆ ತಿನ್ನುತ್ತದೆ. ಬೆಳಗ್ಗೆ ಒಂದು ಬಾಳೆಹಣ್ಣು, ಇಲ್ಲವೇ ಜೇನು ಸವರಿದ ಅರ್ಧ ಅಕ್ಕಿರೊಟ್ಟಿ ಸಾಕು. ಎರಡು ಕಡಂಬುಟ್ಟು (ಅಕ್ಕಿತರಿಯ ಉಂಡೆ ಕಡುಬು) ಡಬ್ಬಿಗೆ ಹಾಕಿ ಕಳಿಸಿ. ಶಾಲೆ ತಲುಪಿದ ಮೇಲೆ ಹಸಿವಾಗುತ್ತದೆ, ತಿನ್ನುತ್ತಾಳೆ.

ಟ್ಯೂಷನ್ ಬಿಡಿಸಿ. ಪೂರ್ತಿ ಬಿಡಿಸಲು ಧೈರ್ಯವಿಲ್ಲದಿದ್ದರೆ ವಾರಕ್ಕೆ ಎರಡು ದಿನ ಇಟ್ಟುಕೊಳ್ಳಿ. ನಾಲ್ಕನೇ ಕ್ಲಾಸಿನ ಗಣಿತಕ್ಕಿಂತ ಈಗ ಅವಳಿಗೆ ಬೇಕಾದದ್ದು ಓಡಾಟ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಅನ್ನುತ್ತದೆ. ಹಗಲ ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಿಗೆ ಕನ್ನಡಕ ಬರುವ ಸಾಧ್ಯತೆಯೂ ಕಡಿಮೆ. ಜುಲೈ-ಆಗಸ್ಟ್‌ನ ಈ ಕಕ್ಕಡ ತಿಂಗಳ ಮಳೆಯಲ್ಲಿ ಎಲ್ಲಿಗೆ ಕಳಿಸಲಿ ಅನ್ನುತ್ತೀರಿ ಅಲ್ವಾ? ನಿಜ. ಕಾಫಿ ಕಣ ಪಾಚಿ ಕಟ್ಟಿ ಜಾರುತ್ತದೆ, ತೋಟಕ್ಕೆ ಇಳಿದರೆ ಜಿಗಣೆ, ಕತ್ತಲಾದರೆ ಆನೆ ಭಯ. ಆದರೆ ಮಳೆ ಬಿಟ್ಟ ಅರ್ಧ ಗಂಟೆ ಅಂಗಳ ಇದೆ. ಬಿಡದಿದ್ದರೆ ಜಗಲಿ ಇದೆ. ಒಂದು ಹಾಕಿ ಸ್ಟಿಕ್, ಒಂದು ಬಾಲು ಕೊಡಿ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗಿನಿಂದ ನಮ್ಮ ಕಡೆ ಸ್ಟಿಕ್ ಹಿಡಿಯಲು ಯಾವ ಮಗುವಿಗೂ ಟೀಚರ್ ಬೇಕಿಲ್ಲ. ಎದುರಿಗೆ ಒಬ್ಬರು ನಿಂತರೆ ಸಾಕು. ನೀವೇ ನಿಲ್ಲಿ.

ಮೊಬೈಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಲಗುವ ಒಂದು ಗಂಟೆ ಮೊದಲು ಅದು ಅಡುಗೆಮನೆಯ ಶೆಲ್ಫ್ ಸೇರಲಿ. ನಿಮ್ಮದೂ ಸೇರಲಿ.

ಹಾಸ್ಟೆಲ್ ವಿಚಾರ. ನಾನು ಹಾಸ್ಟೆಲ್‌ನ ವೈರಿ ಅಲ್ಲ. ಕೊಡಗಿನಿಂದ ತಲೆಮಾರುಗಳಿಂದ ಮಕ್ಕಳು ಹಾಸ್ಟೆಲ್‌ಗೆ ಹೋಗಿದ್ದಾರೆ, ಚೆನ್ನಾಗಿಯೂ ಇದ್ದಾರೆ. ಆದರೆ ನಮ್ಮದೇ ಗಾಳಿಬೀಡಿನ ನವೋದಯವಾಗಲಿ, ಕೂಡಿಗೆಯ ಸೈನಿಕ ಶಾಲೆಯಾಗಲಿ ಮಕ್ಕಳನ್ನು ಆರನೇ ತರಗತಿಗಿಂತ ಮೊದಲು ಸೇರಿಸಿಕೊಳ್ಳುವುದಿಲ್ಲ. ನಿಮಗೆ ಇನ್ನೂ ಟೈಮ್ ಇದೆ. ಈಗ ಕಳಿಸಿದರೆ ‘ಹೊಟ್ಟೆನೋವು ಅಂದಿದ್ದಕ್ಕೆ ಮನೆಯಿಂದ ಕಳಿಸಿದರು’ ಅಂತ ಅವಳು ತಿಳಿದುಕೊಳ್ಳುತ್ತಾಳೆ. ಮುಂದೆ ನಿಜವಾಗಿ ಏನಾದರೂ ಆದಾಗ ಬಾಯಿ ಬಿಡುವುದಿಲ್ಲ. ಯಜಮಾನರಿಗೆ ಇದಿಷ್ಟು ಓದಿಸಿ.

ಅತ್ತೆಯವರ ಜೊತೆ ಜಗಳ ಬೇಡ. ನಾಲ್ಕು ಮೈಲಿ ನಡೆದದ್ದು ಖಂಡಿತ ನಿಜವಿರುತ್ತದೆ. ಆಗ ರಾತ್ರಿ ಎಷ್ಟು ಗಂಟೆಗೆ ಮಲಗುತ್ತಿದ್ದಿರಿ ಅಂತ ಒಮ್ಮೆ ಕೇಳಿ. ಸೀಮೆಎಣ್ಣೆ ಉಳಿಸಬೇಕಾದ ಮನೆಯಲ್ಲಿ ಹತ್ತೂವರೆವರೆಗೆ ಯಾರು ಎದ್ದಿರುತ್ತಿದ್ದರು? ಅವರು ಉತ್ತರ ಹೇಳುವಾಗಲೇ ಒಂದು ಕೆಲಸ ಒಪ್ಪಿಸಿಬಿಡಿ. ಏಳೂವರೆಗೆ ಅಜ್ಜಿ ಮೊಮ್ಮಗಳು ಇಬ್ಬರೂ ಒಟ್ಟಿಗೆ ಊಟ ಮಾಡಲಿ. ಎಂಟೂವರೆಗೆ ಕಥೆ ಹೇಳಿ ಮಲಗಿಸುವುದು ಅಜ್ಜಿಯ ಜವಾಬ್ದಾರಿ. ಅಪ್ಪ ಬಂದಾಗ ಮಗಳು ಮಲಗಿರುತ್ತಾಳೆ, ಅದೊಂದು ನಷ್ಟವೇ. ಅದಕ್ಕೆ ಬೆಳಗ್ಗೆ ವ್ಯಾನ್ ನಿಲ್ಲುವ ಜಾಗದ ತನಕ ಕೊಡೆ ಹಿಡಿದು ಕರೆದುಕೊಂಡು ಹೋಗುವ ಕೆಲಸವನ್ನು ಅವರಿಗೇ ಬಿಡಿ.