ಎರಡನೇ ದರ್ಜೆಯಿಂದ ಬಡ್ತಿ ಪಡೆದ ತಂಡ ಮರುವರ್ಷವೇ ಜರ್ಮನಿಯ ಅಗ್ರ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾ ಗೆದ್ದದ್ದುಂಟೇ?

ಉಂಟು, ಆದರೆ ಒಂದೇ ಒಂದು ಬಾರಿ. 1996ರಲ್ಲಿ ಈ ಲೀಗ್‌ನಿಂದ ಹಿಂಬಡ್ತಿ ಹೊಂದಿದ್ದ ಕೈಸರ್ಸ್‌ಲೌಟರ್ನ್ ಕ್ಲಬ್, ತರಬೇತುದಾರ ಒಟ್ಟೊ ರೆಹಾಗಲ್ ಅವರ ಕೈಕೆಳಗೆ ಒಂದೇ ವರ್ಷದಲ್ಲಿ ಮರಳಿ ಬಂದು, 1997-98ರ ಋತುವಿನಲ್ಲಿ ಚಾಂಪಿಯನ್ ಆಯಿತು.

ಆ ಋತುವಿನ ಮೊದಲ ಪಂದ್ಯವನ್ನು ವಿಶೇಷವಾಗಿ ಹೇಳಲೇಬೇಕು. ಎದುರಾಳಿ ಹಾಲಿ ಚಾಂಪಿಯನ್ ಬೈಯರ್ನ್ ಮ್ಯೂನಿಕ್, ಅಂಗಳವೂ ಅವರದೇ, ಅದೇ ಕ್ಲಬ್ 1996ರಲ್ಲಿ ರೆಹಾಗಲ್ ಅವರನ್ನು ಹುದ್ದೆಯಿಂದ ಕೆಳಗಿಳಿಸಿತ್ತು. ಪಂದ್ಯ ಮುಗಿಯಲು ಸುಮಾರು ಹತ್ತು ನಿಮಿಷಗಳಿರುವಾಗ ಸಿರಿಯಾಕೊ ಸ್ಫೋರ್ಜಾ ಒದ್ದ ಫ್ರೀ ಕಿಕ್‌ಗೆ ಡೆನ್ಮಾರ್ಕ್‌ನ ರಕ್ಷಣಾ ಆಟಗಾರ ಮೈಕೆಲ್ ಶೋನ್‌ಬರ್ಗ್ ತಲೆಕೊಟ್ಟು ಚೆಂಡನ್ನು ಬಲೆ ಸೇರಿಸಿದರು. ಅದೊಂದೇ ಗೋಲು ಗೆಲುವಿಗೆ ಸಾಕಾಯಿತು. ಡಿಸೆಂಬರ್‌ನಲ್ಲಿ ತವರಿನಲ್ಲೂ ಬೈಯರ್ನ್ ತಂಡವನ್ನು 2-0ರಿಂದ ಮಣಿಸಿದ್ದರಿಂದ, ಮೊದಲ ಜಯ ಆಕಸ್ಮಿಕವೆಂಬ ಮಾತಿಗೆ ಆಧಾರವೇ ಉಳಿಯಲಿಲ್ಲ.

ಮುಂಚೂಣಿ ಆಟಗಾರ ಓಲಾಫ್ ಮಾರ್ಶಲ್ 21 ಗೋಲು ಬಾರಿಸಿದರು. ಮುಂದೆ ಜರ್ಮನಿ ತಂಡದ ನಾಯಕನಾದ ಮಿಶಾಯೆಲ್ ಬಲಾಕ್ ಆಗಿನ್ನೂ ಇಲ್ಲಿ ಹೊಸಬ. ಒಂದು ಸುತ್ತು ಬಾಕಿಯಿರುವಾಗಲೇ, ವೊಲ್ಫ್ಸ್‌ಬರ್ಗ್ ವಿರುದ್ಧ 4-0ರಿಂದ ಗೆದ್ದ ದಿನ ಬೈಯರ್ನ್ ಡ್ಯೂಸ್‌ಬರ್ಗ್‌ನಲ್ಲಿ ಗೋಲಿಲ್ಲದ ಡ್ರಾ ಮಾಡಿಕೊಂಡದ್ದರಿಂದ, ಪ್ರಶಸ್ತಿ ಖಚಿತವಾಯಿತು. ಕೊನೆಗೆ 34 ಪಂದ್ಯಗಳಿಂದ ಕೈಸರ್ಸ್‌ಲೌಟರ್ನ್‌ಗೆ 68, ಬೈಯರ್ನ್‌ಗೆ 66 ಅಂಕ.