ನಾನು ಗೋವಾದ ವಾಸ್ಕೋದ 19 ವರ್ಷದ ಫುಟ್‌ಬಾಲ್ ಆಟಗಾರ, ಸೆಂಟರ್ ಬ್ಯಾಕ್ (ಗೋಲ್ ಮುಂದೆ ಮಧ್ಯದಲ್ಲಿ ನಿಲ್ಲುವ ಡಿಫೆಂಡರ್). ಏಜೆಂಟ್‌ಗೆ 3 ಲಕ್ಷ ಕೊಟ್ಟು ಯುರೋಪ್‌ಗೆ ಟ್ರಯಲ್‌ಗೆ ಹೋಗಲೇ, ಗೋವಾದಲ್ಲೇ ಆಡಲೇ?

ಟ್ರಯಲ್‌ಗೆ ಹೋಗಬೇಡಿ. ನಾನೂ ಸೆಂಟರ್ ಬ್ಯಾಕ್ ಆಗಿದ್ದವನು. ಅಪ್ಪ ಬಾಗಲಕೋಟೆ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು. ನಮ್ಮ ಮನೆ ಝುವಾರಿನಗರದಲ್ಲಿ, ದೊಡ್ಡ ಮ್ಯಾಚ್ ಅಂದರೆ ತಿಲಕ್ ಮೈದಾನ. ಸಾಲ ಮಾಡಿಕೊಂಡು ಯುರೋಪಿನ ಒಂದು ಮೂರನೇ ಡಿವಿಷನ್ ಕ್ಲಬ್‌ಗೆ ಟ್ರಯಲ್‌ಗೆ ಹೋದೆ.

ಅಲ್ಲಿ ಒಂದು ಪ್ರಾಕ್ಟೀಸ್ ಮ್ಯಾಚ್. ನಮ್ಮ ಡಿಫೆಂಡರ್‌ಗಳ ಲೈನ್ ಮುಂದಕ್ಕೆ ಬಂದಿತ್ತು, ರೈಟ್ ಬ್ಯಾಕ್ ಮಾತ್ರ ಎರಡು ಹೆಜ್ಜೆ ಹಿಂದೆ ಉಳಿದಿದ್ದ. ಅವನಿಂದಾಗಿ ಎದುರಾಳಿ ಸ್ಟ್ರೈಕರ್ ಆನ್‌ಸೈಡ್, ಅಂದರೆ ಪಾಸ್ ಬಂದರೆ ಆಫ್‌ಸೈಡ್ ಆಗದೆ ಗೋಲ್ ಕಡೆಗೆ ಓಡಬಹುದಿತ್ತು. ನನಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಕೂಗಲಿಲ್ಲ. ಅವರ ಭಾಷೆ ಬರುತ್ತಿರಲಿಲ್ಲ. ಅದಕ್ಕಿಂತ ಜಾಸ್ತಿ, ಟ್ರಯಲ್‌ಗೆ ಬಂದವನು ಕ್ಲಬ್‌ನ ಹುಡುಗನಿಗೆ ಹಿಂದೆ ನಿಲ್ಲಬೇಡ ಅಂತ ಹೇಳಬಹುದಾ ಅಂತ ಹಿಂಜರಿದೆ. ಉದ್ದನೆಯ ಪಾಸ್ ಬಂತು, ಗೋಲ್ ಆಯಿತು. ಆಮೇಲೂ ನಾನು ಬಾಯಿ ಬಿಡಲಿಲ್ಲ. ಓಡಿ ಓಡಿ ಟ್ಯಾಕಲ್ ಮಾಡಿ ಎಲ್ಲವನ್ನೂ ಕಾಲಲ್ಲೇ ಸರಿಮಾಡಲು ನೋಡಿದೆ. ಟ್ಯಾಕಲ್‌ಗಳು ಚೆನ್ನಾಗಿಯೇ ಇದ್ದವು. ಆದರೆ ಸೆಂಟರ್ ಬ್ಯಾಕ್‌ನಲ್ಲಿ ಕೋಚ್ ಹುಡುಕುವುದು ಟ್ಯಾಕಲ್ ಮಾಡುವ ಪರಿಸ್ಥಿತಿಯೇ ಬರದ ಹಾಗೆ ಲೈನ್ ನಡೆಸುವವನನ್ನು. ಊರಲ್ಲಿ ಕೀಪರ್‌ನಿಂದ ಹಿಡಿದು ಎಲ್ಲರೂ ಚಿಕ್ಕಂದಿನ ಗೆಳೆಯರು, ಕೊಂಕಣಿಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ‘ಮೇಲೆ ಬಾ’, ‘ಬಿಡು’, ‘ಹಿಂದೆ ಒಬ್ಬ ಇದ್ದಾನೆ’, ಇಷ್ಟನ್ನು ಅವರ ಭಾಷೆಯಲ್ಲಿ ಹಿಂದಿನ ರಾತ್ರಿ ಯಾರನ್ನಾದರೂ ಕೇಳಿ ಕಲಿತಿದ್ದರೆ ಸಾಕಿತ್ತು. ಕನ್ನಡದಲ್ಲಿ ಕಿರುಚಿದ್ದರೂ ಆ ರೈಟ್ ಬ್ಯಾಕ್ ತಿರುಗಿಯಾದರೂ ನೋಡುತ್ತಿದ್ದ. ಕ್ಲಬ್‌ನವರು ಮತ್ತೆ ಕರೆಯಲಿಲ್ಲ. ಸಾಲ ಮಾತ್ರ ಉಳಿಯಿತು.

ಸ್ಟ್ರೈಕರ್ ಟ್ರಯಲ್‌ನಲ್ಲಿ ಎರಡು ಗೋಲ್ ಹೊಡೆದರೆ ಮಾತುಕತೆ ಶುರುವಾಗುತ್ತದೆ. ಡಿಫೆಂಡರ್‌ಗೆ ಹಾಗಲ್ಲ. ಅವನ ಕೆಲಸ ಗೊತ್ತಾಗುವುದು ಪಕ್ಕದವನ ಜೊತೆ ಹೊಂದಿಕೊಂಡ ಮೇಲೆ. ಗೋವಾದ ಡೆಂಪೊ ಕ್ಲಬ್‌ನಲ್ಲಿ ಜೊತೆಯಾಗಿ ಆಡಿದ ಮಹೇಶ್ ಗಾವ್ಳಿ, ಸಮೀರ್ ನಾಯಕ್ ಇಬ್ಬರೂ ಭಾರತ ತಂಡಕ್ಕೂ ಆಡಿದ ಡಿಫೆಂಡರ್‌ಗಳು. ಅವರನ್ನು ನೋಡಿದ ಯಾರನ್ನಾದರೂ ಕೇಳಿ. ಹೊರಗಿಂದ ಇಲ್ಲಿಗೆ ಬಂದ ಮುರ್ತಾದಾ ಫಾಲ್ ಅವರನ್ನೇ ನೋಡಿ. ಸೆನೆಗಲ್‌ನ ಡಿಫೆಂಡರ್, ಮೊರೊಕ್ಕೊದಲ್ಲಿ ವರ್ಷಗಟ್ಟಲೆ ಆಡಿದ ಮೇಲೆ 2018ರಲ್ಲಿ ಎಫ್‌ಸಿ ಗೋವಾಗೆ ಬಂದರು. ಕ್ಲಬ್‌ಗೆ ಅವರು ಬೇಕಾಗಿದ್ದರು, ಅದಕ್ಕೇ ಬಂದರು.

ಕಾಂಟ್ರ್ಯಾಕ್ಟ್ ಇದ್ದರೂ ಸುಲಭವಲ್ಲ. ಸಂದೇಶ್ ಝಿಂಗನ್ 2021ರಲ್ಲಿ ಕ್ರೊಯೇಷಿಯಾದ ಶಿಬೆನಿಕ್ ಸೇರಿದಾಗ ಭಾರತ ತಂಡದ ಮುಖ್ಯ ಡಿಫೆಂಡರ್. ಪ್ರಾಕ್ಟೀಸ್‌ನಲ್ಲಿ ಗಾಯವಾಯಿತು. ಒಂದು ಮ್ಯಾಚ್ ಕೂಡ ಆಡದೆ 2022ರ ಜನವರಿಯಲ್ಲಿ ವಾಪಸ್ ಬಂದರು. ಅವರಿಗೆ ಮರಳಿ ಬರಲು ದೊಡ್ಡ ಕ್ಲಬ್ ಇತ್ತು. ನಿಮಗಾಗಲಿ ನನಗಾಗಲಿ ಅದಿರುವುದಿಲ್ಲ, ಅಲ್ವಾ?

ಪೋರ್ಚುಗಲ್ ಪಾಸ್‌ಪೋರ್ಟ್‌ನಲ್ಲಿ ಹೋದ ಗೋವಾದ ಗೆಳೆಯರ ಜೊತೆ ನಿಮ್ಮನ್ನು ಹೋಲಿಸಿಕೊಳ್ಳಬೇಡಿ. ಪೋರ್ಚುಗೀಸರ ಆಳ್ವಿಕೆಯಲ್ಲಿ, 1961ಕ್ಕೆ ಮುಂಚೆ ಇಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳಿಗೆ ಆ ದಾರಿ ಇದೆ. ನಿಮ್ಮದೂ ನಮ್ಮಂತೆ ಆಮೇಲೆ ಹೊರಗಿಂದ ಬಂದ ಮನೆಯಾಗಿದ್ದರೆ ಇಲ್ಲ. ಆ ಪಾಸ್‌ಪೋರ್ಟ್ ತೆಗೆದುಕೊಂಡವರಿಗೂ ಭಾರತದ ಪೌರತ್ವ ಹೋಗುತ್ತದೆ, ಭಾರತಕ್ಕೆ ಆಡುವ ಆಸೆ ಬಿಡಬೇಕು.

ಹಾಗಾಗಿ ‘ಯುರೋಪಾ, ಗೋವಾನಾ’ ಅನ್ನುವ ಪ್ರಶ್ನೆಯನ್ನೇ ಬಿಡಿ. ಗೋವಾ ಪ್ರೊ ಲೀಗ್‌ನಲ್ಲಿ ನಿಮ್ಮನ್ನು ಪ್ರತಿ ವಾರ ಆಡಿಸುವ ಕ್ಲಬ್ ಹಿಡಿಯಿರಿ, ಬೆಂಚ್ ಮೇಲೆ ಕೂರಿಸುವ ದೊಡ್ಡ ಹೆಸರು ಬೇಡ. ಪೂರ್ತಿ 90 ನಿಮಿಷದ ವಿಡಿಯೊ ಇಟ್ಟುಕೊಳ್ಳಿ. ಬರೀ ಟ್ಯಾಕಲ್‌ಗಳನ್ನು ಜೋಡಿಸಿದ ಕ್ಲಿಪ್‌ನಲ್ಲಿ ನೀವು ಲೈನ್ ಹೇಗೆ ನಡೆಸುತ್ತೀರಿ ಅನ್ನೋದು ಕಾಣುವುದಿಲ್ಲ.

ಆ ಏಜೆಂಟ್ ವಿಷಯ. 2023ರ ಅಕ್ಟೋಬರ್‌ನಿಂದ ಫಿಫಾ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರೇ ಈ ಕೆಲಸ ಮಾಡಬೇಕು. ಅವರ ಪಟ್ಟಿ ಫಿಫಾ ವೆಬ್‌ಸೈಟ್‌ನಲ್ಲಿದೆ. ಅವನ ಹೆಸರು ಅಲ್ಲಿ ಸಿಕ್ಕರೂ ಟ್ರಯಲ್‌ಗೆ ಅಂತ ಮುಂಗಡ 3 ಲಕ್ಷ ಕೊಡಬೇಡಿ. ಕಾಂಟ್ರ್ಯಾಕ್ಟ್ ಆದ ಮೇಲೆ ಅದರಲ್ಲಿ ತನ್ನ ಪಾಲು ತೆಗೆದುಕೊಳ್ಳಲಿ. ಅದಕ್ಕೆ ಒಪ್ಪದಿದ್ದರೆ ಇವತ್ತೇ ಫೋನ್ ಮಾಡಿ ಬೇಡ ಅಂದುಬಿಡಿ.