ಡಿಲೀಟ್ ಒತ್ತಿದರೂ ಹೋಗದ ಫೈಲ್‌ಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಒಂದೇ ವಿಷಯದವು. ಮನೆಯ ಹಳೇ ಕಂಪ್ಯೂಟರ್‌ನಲ್ಲಿ ಜಾಗ ತುಂಬಿದೆ, ಬೇಡದ್ದನ್ನು ತೆಗೆಯೋಣ ಅಂದರೆ ಫೈಲ್‌ಗಳು ಹೋಗುತ್ತಿಲ್ಲ. ದಾವಣಗೆರೆ, ಚಿತ್ರದುರ್ಗ ಕಡೆಯ ನಾಲ್ವರ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ನಮ್ಮದು ವಿಂಡೋಸ್ 7 ಇರುವ ಕಂಪ್ಯೂಟರ್. ಮಗ ಇಂಜಿನಿಯರಿಂಗ್ ಸೇರಿದಾಗ ಕೊಡಿಸಿದ್ದು, ಈಗ ನಾನು ಸಂಘದ ಲೆಕ್ಕ ಬರೆಯಲು ಬಳಸುತ್ತೇನೆ. ಸಿ ಡ್ರೈವ್ ಯಾವಾಗ ನೋಡಿದರೂ ಕೆಂಪು. ತಾತ್ಕಾಲಿಕ ಫೈಲ್‌ಗಳು ಸೇರುವ ಟೆಂಪ್ ಫೋಲ್ಡರ್ ಖಾಲಿ ಮಾಡಲು ಹೋದರೆ ಕೆಲವು ಫೈಲ್ ಹೋಗುವುದೇ ಇಲ್ಲ, ಹೋದವೂ ಎರಡು ದಿನದಲ್ಲಿ ಮತ್ತೆ ಬಂದು ಕೂತಿರುತ್ತವೆ. ರಿಪೇರಿ ಅಂಗಡಿಯವರು ಫಾರ್ಮ್ಯಾಟ್ ಹೊಡೆದುಬಿಡೋಣ ಅಂತಾರೆ. ಬೇರೆ ದಾರಿ ಇಲ್ವಾ?
(ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ)

ಉತ್ತರ: ಇದೆ ಸರ್. ಫಾರ್ಮ್ಯಾಟ್ ಈಗಲೇ ಬೇಡ. ನಿಮ್ಮ ಪತ್ರದಲ್ಲಿ ಎರಡು ತೊಂದರೆ ಸೇರಿಕೊಂಡಿವೆ. ಹೋಗದ ಫೈಲ್ ಒಂದು, ಹೋಗಿ ಮತ್ತೆ ಬರುವ ಫೈಲ್ ಇನ್ನೊಂದು. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಮೊದಲು ಹೋಗದ ಫೈಲ್. ಒಂದು ಫೈಲ್ ಡಿಲೀಟ್ ಆಗುತ್ತಿಲ್ಲ ಅಂದರೆ ಹೆಚ್ಚಿನ ಸಲ ಯಾವುದೋ ಪ್ರೋಗ್ರಾಂ ಅದನ್ನು ಆ ಹೊತ್ತಿನಲ್ಲಿ ಬಳಸುತ್ತಿರುತ್ತದೆ. ಬ್ರೌಸರ್ ಇರಬಹುದು, ಆಂಟಿವೈರಸ್ ಇರಬಹುದು, ಪ್ರಿಂಟರ್ ಜೊತೆ ಬಂದ ಸಾಫ್ಟ್‌ವೇರ್ ಇರಬಹುದು. ಆ ಪ್ರೋಗ್ರಾಂ ಮುಚ್ಚುವ ತನಕ ವಿಂಡೋಸ್ ಫೈಲನ್ನು ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಲೂ ಬಾರದು. ಹಾಗಾಗಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಬೇರೆ ಏನನ್ನೂ ತೆರೆಯದೆ, ಕೀಬೋರ್ಡ್‌ನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಟೆಂಪ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಹಿಂದೆ ಒಂದು ಮುಂದೆ ಒಂದು ಶೇಕಡಾ ಗುರುತು ಹಾಕಿ, ನಡುವೆ ಜಾಗ ಬಿಡಬೇಡಿ, ಎಂಟರ್ ಕೊಡಿ. ಇದು ನಿಮ್ಮ ಲಾಗಿನ್‌ನ ಟೆಂಪ್ ಫೋಲ್ಡರ್. ಎಲ್ಲ ಆಯ್ಕೆ ಮಾಡಿ ಡಿಲೀಟ್ ಒತ್ತಿ. ಯಾವುದಾದರೂ ಹಟ ಹಿಡಿದರೆ ಸ್ಕಿಪ್ ಅನ್ನಿ. ಉಳಿದ ಹತ್ತಿಪ್ಪತ್ತು ಫೈಲ್ ಸಾಮಾನ್ಯವಾಗಿ ನಾಲ್ಕಾರು ಎಂಬಿ ಕೂಡ ಇರುವುದಿಲ್ಲ, ಅವುಗಳ ಹಿಂದೆ ಬೀಳಬೇಡಿ.

ಉಳಿದದ್ದು ದೊಡ್ಡ ಫೈಲೇ ಆಗಿದ್ದರೆ ಅದನ್ನು ಹಿಡಿದುಕೊಂಡವರು ಯಾರು ಎಂದು ನೋಡುವ ದಾರಿ ವಿಂಡೋಸ್ 7ರಲ್ಲೇ ಇದೆ. ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಹುಡುಕಿ ತೆರೆಯಿರಿ. ಸಿಪಿಯು ಪುಟದಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಎಂಬ ಭಾಗವಿದೆ, ಅಲ್ಲಿನ ಹುಡುಕುವ ಪೆಟ್ಟಿಗೆಯಲ್ಲಿ ಫೈಲ್ ಹೆಸರಿನ ಒಂದು ತುಂಡು ಹಾಕಿ. ಹಿಡಿದುಕೊಂಡಿರುವ ಪ್ರೋಗ್ರಾಂ ಹೆಸರು ಬರುತ್ತದೆ. ಅದನ್ನು ಮುಚ್ಚಿ, ಮತ್ತೆ ಡಿಲೀಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರ್ ಆನ್ ಆಗುವಾಗ ಎಫ್8 ಒತ್ತುತ್ತಾ ಹೋಗಿ ಸೇಫ್ ಮೋಡ್‌ಗೆ ಬನ್ನಿ. ಅಲ್ಲಿ ಅಗತ್ಯದ ಪ್ರೋಗ್ರಾಂಗಳು ಮಾತ್ರ ಓಡುತ್ತಿರುತ್ತವೆ, ಆದ್ದರಿಂದ ಬಹುತೇಕ ಫೈಲ್ ಹೋಗಿಬಿಡುತ್ತವೆ. ವಿಂಡೋಸ್ 10 ಇರುವವರಿಗೆ ಒಂದು ಮಾತು: ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದು ಇರುವುದರಿಂದ ಶಟ್‌ಡೌನ್ ಮಾಡಿದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಫೈಲನ್ನು ಪ್ರೋಗ್ರಾಂನ ಹಿಡಿತದಿಂದ ಬಿಡಿಸಬೇಕು ಅಂದರೆ ರೀಸ್ಟಾರ್ಟನ್ನೇ ಒತ್ತಬೇಕು.

ಈಗ ಮತ್ತೆ ಬರುವ ಫೈಲ್. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ ಇನ್ನೊಂದು ಟೆಂಪ್ ಇದೆ, ಅದನ್ನು ತೆರೆದು ನೋಡಿ. ಅಲ್ಲಿ ಕ್ಯಾಬ್ ಎಂದು ಶುರುವಾಗಿ ಮುಂದೆ ಅಂಕಿಗಳಿರುವ, ಒಂದೊಂದೂ ಸುಮಾರು 100 ಎಂಬಿ ತೂಗುವ ಫೈಲ್‌ಗಳ ಸಾಲು ಕಂಡರೆ ಕಳ್ಳ ಸಿಕ್ಕ ಅಂತಲೇ ಲೆಕ್ಕ. ಇದು ವಿಂಡೋಸ್ 7ರ ಹಳೇ ಕಾಯಿಲೆ, ಗೊತ್ತಿಲ್ಲದೆ ಎಷ್ಟೋ ಜನ ಇದಕ್ಕಾಗಿಯೇ ಫಾರ್ಮ್ಯಾಟ್ ಮಾಡಿಸಿದ್ದಾರೆ. ಆಗುವುದು ಇಷ್ಟು. ವಿಂಡೋಸ್ ತನ್ನ ಅಪ್‌ಡೇಟ್ ಕೆಲಸವನ್ನೆಲ್ಲ ಸಿಬಿಎಸ್ ಎಂಬ ಲಾಗ್ ಫೈಲ್‌ನಲ್ಲಿ ಬರೆದಿಡುತ್ತದೆ. ಲಾಗ್ ದೊಡ್ಡದಾದಾಗ ಅದನ್ನು ಪಕ್ಕಕ್ಕಿಟ್ಟು ಒತ್ತಿ ಚಿಕ್ಕದು ಮಾಡಲು ಮೇಕ್‌ಕ್ಯಾಬ್ ಎಂಬ ಪ್ರೋಗ್ರಾಂಗೆ ಕೊಡುತ್ತದೆ. ಆದರೆ 2 ಜಿಬಿ ದಾಟಿದ ಫೈಲನ್ನು ಮೇಕ್‌ಕ್ಯಾಬ್ ನಿಭಾಯಿಸಲಾರದು. ಅರ್ಧಕ್ಕೇ ಕೈಬಿಡುತ್ತದೆ, ಅರ್ಧ ಮಾಡಿದ ತುಂಡನ್ನು ಟೆಂಪ್‌ನಲ್ಲೇ ಬಿಟ್ಟು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ವಿಂಡೋಸ್ ಮತ್ತೆ ಅದೇ ಫೈಲನ್ನು ಕೊಡುತ್ತದೆ, ಮತ್ತೆ ಸೋಲುತ್ತದೆ, ಇನ್ನೊಂದು ತುಂಡು ಬೀಳುತ್ತದೆ. ಹೀಗೇ ಡಿಸ್ಕ್ ತುಂಬುವವರೆಗೂ ನಡೆಯುತ್ತದೆ. ನೀವು ತುಂಡುಗಳನ್ನಷ್ಟೇ ಗುಡಿಸುತ್ತಿದ್ದೀರಿ, ಮೂಲದ ದೊಡ್ಡ ಲಾಗ್ ಹಾಗೇ ಉಳಿದಿದೆ. ಮತ್ತೆ ಬಾರದೆ ಏನು ಮಾಡೀತು?

ಮಾಡಬೇಕಾದದ್ದು ಇದು. ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ತೆರೆದು, ಪಟ್ಟಿಯಲ್ಲಿ ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ಹುಡುಕಿ, ಓಡುತ್ತಿದ್ದರೆ ಸ್ಟಾಪ್ ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೇಕ್‌ಕ್ಯಾಬ್ ಕಂಡರೆ ಅದನ್ನೂ ನಿಲ್ಲಿಸಿ. ಆಮೇಲೆ ವಿಂಡೋಸ್ ಫೋಲ್ಡರ್, ಅದರೊಳಗೆ ಲಾಗ್ಸ್, ಅದರೊಳಗೆ ಸಿಬಿಎಸ್‌ಗೆ ಹೋಗಿ. ಹೆಸರಿನಲ್ಲಿ ಸಿಬಿಎಸ್ ಪರ್ಸಿಸ್ಟ್ ಎಂದು ಇರುವ ದೊಡ್ಡ ಲಾಗ್ ಫೈಲ್‌ಗಳು ಅಲ್ಲಿರುತ್ತವೆ. ಅವನ್ನು ಅಳಿಸಿ, ಧೈರ್ಯ ಬಾರದಿದ್ದರೆ ಡಿ ಡ್ರೈವ್‌ಗೆ ಕಟ್ ಪೇಸ್ಟ್ ಮಾಡಿ. ಸಿಬಿಎಸ್ ಎಂದಷ್ಟೇ ಹೆಸರಿರುವ ಲಾಗ್ ಕೂಡ 2 ಜಿಬಿ ಮುಟ್ಟಿದ್ದರೆ ಅದನ್ನೂ ತೆಗೆಯಿರಿ, ವಿಂಡೋಸ್ ಹೊಸದು ಮಾಡಿಕೊಳ್ಳುತ್ತದೆ. ಕೊನೆಗೆ ಟೆಂಪ್‌ನ ಆ ಕ್ಯಾಬ್ ಫೈಲ್‌ಗಳನ್ನೆಲ್ಲ ಅಳಿಸಿ ರೀಸ್ಟಾರ್ಟ್ ಮಾಡಿ. ಆರ್ಡರ್ ಮುಖ್ಯ: ಮೊದಲು ಲಾಗ್, ಆಮೇಲೆ ತುಂಡುಗಳು.

ಇನ್ನೂ ಜಾಗ ಬೇಕು ಅಂದರೆ ಡಿಸ್ಕ್ ಕ್ಲೀನಪ್ ತೆರೆದು ಕ್ಲೀನಪ್ ಸಿಸ್ಟಮ್ ಫೈಲ್ಸ್ ಒತ್ತಿ. 2013ರ ಅಕ್ಟೋಬರ್‌ನಲ್ಲಿ ಬಂದ ಒಂದು ಅಪ್‌ಡೇಟ್ ನಿಮ್ಮಲ್ಲಿ ಇದ್ದರೆ ಆ ಪಟ್ಟಿಯಲ್ಲಿ ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಕಾಣುತ್ತದೆ. ಎಷ್ಟೋ ವರ್ಷದ ಹಳೇ ಅಪ್‌ಡೇಟ್‌ಗಳು ಅದರಿಂದಲೇ ಹೋಗುತ್ತವೆ. ಹೊತ್ತು ಹಿಡಿಯುತ್ತದೆ, ಕರೆಂಟ್ ಹೋಗುವ ಸಮಯದಲ್ಲಿ ಶುರು ಮಾಡಬೇಡಿ. ವಿಂಡೋಸ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ ಮತ್ತು ಇನ್‌ಸ್ಟಾಲರ್ ಎಂಬ ಫೋಲ್ಡರ್‌ಗಳನ್ನು ಮಾತ್ರ ದಯವಿಟ್ಟು ಕೈಯಾರೆ ಮುಟ್ಟಬೇಡಿ. ಎಷ್ಟು ದಪ್ಪ ಕಂಡರೂ ಬಿಡಿ. ಮೊದಲನೆಯದನ್ನು ಅಳಿಸಿದರೆ ವಿಂಡೋಸೇ ಕೆಡಬಹುದು, ಎರಡನೆಯದನ್ನು ಅಳಿಸಿದರೆ ಮುಂದೆ ಎಷ್ಟೋ ಪ್ರೋಗ್ರಾಂಗಳನ್ನು ಸರಿಯಾಗಿ ತೆಗೆಯಲೂ ಆಗುವುದಿಲ್ಲ, ರಿಪೇರಿ ಮಾಡಲೂ ಆಗುವುದಿಲ್ಲ.

ತೆರೆದ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿಡುವ ಹೈಬರ್‌ಫಿಲ್ ಎಂಬ ದೊಡ್ಡ ಫೈಲ್ ತೆಗೆಯಿರಿ ಅಂತಲೂ ಯಾರಾದರೂ ಹೇಳಬಹುದು. ವಿಂಡೋಸ್ 7ರಲ್ಲಿ ಅದು ರ‍್ಯಾಮ್‌ನ ಮುಕ್ಕಾಲು ಭಾಗದಷ್ಟು ಇರುತ್ತದೆ, ಅಂದರೆ 4 ಜಿಬಿ ರ‍್ಯಾಮ್‌ಗೆ 3 ಜಿಬಿ. ತೆಗೆಯಬಹುದು, ಆದರೆ ಒಂದು ಯೋಚನೆ ಮಾಡಿ. ನೀವು ಕಂಪ್ಯೂಟರನ್ನು ಸ್ಲೀಪ್‌ನಲ್ಲಿ ಬಿಟ್ಟು ಎದ್ದು ಹೋಗುವವರಾದರೆ, ನಡುವೆ ಕರೆಂಟ್ ಹೋದಾಗ ನಿಮ್ಮ ತೆರೆದ ಲೆಕ್ಕವನ್ನು ಉಳಿಸುವುದು ಅದೇ ಫೈಲ್. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ಲ. ಯುಪಿಎಸ್ ಇಲ್ಲದ ಮನೆಯಲ್ಲಿ ಅದನ್ನು ಇಟ್ಟುಕೊಳ್ಳುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಒಂದೇ ಕ್ಲಿಕ್‌ನಲ್ಲಿ ಎಲ್ಲ ಸ್ವಚ್ಛ ಅನ್ನುವ ಸಾಫ್ಟ್‌ವೇರ್‌ಗಳಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ, ಅದನ್ನು ತೊಳೆಯುವ ಪ್ರೋಗ್ರಾಂಗಳಿಗೆ ಮೈಕ್ರೋಸಾಫ್ಟ್‌ನದೇ ಬೆಂಬಲವಿಲ್ಲ. 2017ರಲ್ಲಿ ಹೆಸರಾಂತ ಸಿಕ್ಲೀನರ್‌ನ 5.33 ಆವೃತ್ತಿಯೊಳಗೇ ದುಷ್ಟರು ಮಾಲ್‌ವೇರ್ (ಹಾನಿ ಮಾಡುವ ಪ್ರೋಗ್ರಾಂ) ಸೇರಿಸಿ ಹಂಚಿಬಿಟ್ಟಿದ್ದರು. ಮೇಲೆ ಹೇಳಿದ್ದಕ್ಕೆಲ್ಲ ಹೊರಗಿನ ಯಾವ ಸಾಫ್ಟ್‌ವೇರೂ ಬೇಕಿಲ್ಲ. ಇನ್ನೊಂದು, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಮೈಕ್ರೋಸಾಫ್ಟ್ ಬೆಂಬಲ ನಿಂತಿದೆ. ಲೆಕ್ಕ ಬರೆಯಿರಿ, ಪ್ರಿಂಟ್ ತೆಗೆಯಿರಿ, ಸಂಘದ ಬ್ಯಾಂಕ್ ವ್ಯವಹಾರವನ್ನು ಮಾತ್ರ ಅದರಲ್ಲಿ ಮಾಡಬೇಡಿ.

ಪ್ರಶ್ನೆ: ನಮಸ್ತೆ. ಮನೆಯವರೆಲ್ಲರ ಫೋನಿನ ಫೋಟೋಗಳನ್ನು ಹಲವು ವರ್ಷದಿಂದ ಒಂದೇ ಕಂಪ್ಯೂಟರ್‌ಗೆ ಹಾಕುತ್ತಾ ಬಂದಿದ್ದೇವೆ, ಜೊತೆಗೆ ಹಳೇ ಕ್ಯಾಮೆರಾದ್ದೂ ಇವೆ. ಒಂದೇ ಫೋಟೋ ಮೂರ್ನಾಲ್ಕು ಕಡೆ ಇದೆ. ಹೆಸರು ಒಂದೇ ಇರುವುದನ್ನು ಹುಡುಕಿ ಅಳಿಸುತ್ತಾ ಹೋಗಲಾ? ವಿಂಡೋಸ್ 10 ಇದೆ.
(ಓದುಗರೊಬ್ಬರು, ಚಿತ್ರದುರ್ಗ)

ಉತ್ತರ: ಹೆಸರು ನೋಡಿ ಅಳಿಸಬೇಡಿ ಮೇಡಂ. ಕ್ಯಾಮೆರಾ ಫೋಟೋಗೆ ಕೊಡುವ ನಂಬರ್ ನಾಲ್ಕೇ ಅಂಕಿಯದು. 9999 ಆದ ಮೇಲೆ ಮತ್ತೆ 0001ರಿಂದ ಶುರು. ಹಾಗಾಗಿ ಒಂದೇ ಹೆಸರಿನ ಎರಡು ಫೈಲ್‌ನಲ್ಲಿ ಒಂದು ಮಗಳ ನಾಮಕರಣ, ಇನ್ನೊಂದು ಅವಳ ಶಾಲೆಯ ವಾರ್ಷಿಕೋತ್ಸವ ಇರಬಹುದು. ಉಲ್ಟಾನೂ ಆಗುತ್ತದೆ, ಹೆಸರು ಬೇರೆ ಇದ್ದು ಒಳಗಿನ ಫೋಟೋ ಒಂದೇ ಇರುತ್ತದೆ.

ಇದಕ್ಕೆ ಡ್ಯೂಪ್‌ಗುರು ಎಂಬ ಉಚಿತ, ಓಪನ್ ಸೋರ್ಸ್ ಪ್ರೋಗ್ರಾಂ ನೋಡಿ. ಕಂಟೆಂಟ್ಸ್ ಎಂದು ಆಯ್ಕೆ ಮಾಡಿದರೆ ಅದು ಹೆಸರನ್ನು ಬಿಟ್ಟು ಫೈಲ್ ಒಳಗಿನದನ್ನೇ ಹೋಲಿಸುತ್ತದೆ. ಒಂದು ಅಕ್ಷರದಷ್ಟು ವ್ಯತ್ಯಾಸವಿದ್ದರೂ ಬೇರೆ ಫೈಲ್ ಎಂದೇ ಹೇಳುತ್ತದೆ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ರೆಫರೆನ್ಸ್ ಎಂಬ ಸೌಲಭ್ಯ. ನೀವು ಚೆನ್ನಾಗಿ ಜೋಡಿಸಿಟ್ಟ ಮುಖ್ಯ ಫೋಲ್ಡರನ್ನು ರೆಫರೆನ್ಸ್ ಮಾಡಿಬಿಟ್ಟರೆ ಅದರೊಳಗಿನ ಒಂದು ಫೈಲನ್ನೂ ಅದು ಅಳಿಸಲು ಬಿಡುವುದಿಲ್ಲ, ಬೇರೆ ಕಡೆ ಇರುವ ನಕಲುಗಳನ್ನು ಮಾತ್ರ ಅಳಿಸಲು ಕೊಡುತ್ತದೆ. ಹುಡುಕುವ ಜಾಗವಾಗಿ ಫೋಟೋ ಫೋಲ್ಡರ್‌ಗಳನ್ನಷ್ಟೇ ಕೊಡಿ. ಇಡೀ ಸಿ ಡ್ರೈವ್ ಕೊಟ್ಟರೆ ವಿಂಡೋಸ್‌ನ ಫೈಲ್‌ಗಳೂ ನಕಲುಗಳೆಂದು ಬರುತ್ತವೆ, ಅವು ಎರಡೆರಡು ಕಡೆ ಇರಬೇಕಾದದ್ದಕ್ಕೇ ಇವೆ.

ವಾಟ್ಸಾಪ್ ಫೋಟೋ ಬೇರೆ ಲೆಕ್ಕ. ವಾಟ್ಸಾಪ್ ಮಾಮೂಲಿಯಾಗಿ ಕಳಿಸುವಾಗ ಫೋಟೋವನ್ನು ಕುಗ್ಗಿಸುತ್ತದೆ, ತೆಗೆದ ದಿನ ಮತ್ತು ಜಾಗದ ವಿವರವನ್ನೂ ಕಿತ್ತುಹಾಕುತ್ತದೆ. ಅದಕ್ಕೇ ಕಣ್ಣಿಗೆ ಒಂದೇ ಕಂಡರೂ ಒಳಗೆ ಬೇರೆ ಫೈಲ್, ಕಂಟೆಂಟ್ಸ್ ಹೋಲಿಕೆಗೆ ಸಿಗುವುದಿಲ್ಲ. ಹೆಸರಿನಲ್ಲಿ ಡಬ್ಲ್ಯೂಎ ಎಂಬ ಎರಡು ಅಕ್ಷರ ಇದ್ದರೆ ಅದು ವಾಟ್ಸಾಪ್‌ನದು. ಡ್ಯೂಪ್‌ಗುರುವಿನ ಪಿಕ್ಚರ್ ಮೋಡ್ ಒಂದೇ ಥರ ಕಾಣುವ ಫೋಟೋಗಳನ್ನು ಜೋಡಿ ಮಾಡಿ ತೋರಿಸುತ್ತದೆ, ಆಗ ದೊಡ್ಡ ಸೈಜಿನದನ್ನು ಉಳಿಸಿ ಚಿಕ್ಕದನ್ನು ತೆಗೆಯಿರಿ. ಇಲ್ಲಿ ಮಾತ್ರ ಒಂದೊಂದನ್ನೂ ನೀವೇ ನೋಡಬೇಕು. ಕೋಟೆಯಲ್ಲಿ ಓಬವ್ವನ ಕಿಂಡಿಯ ಮುಂದೆ ಸಾಲಾಗಿ ನಿಂತು ಐದು ಫೋಟೋ ತೆಗೆಸಿಕೊಂಡಿದ್ದರೆ ಪ್ರೋಗ್ರಾಂಗೆ ಐದೂ ಒಂದೇ. ಅಜ್ಜಿ ಕಣ್ಣು ಬಿಟ್ಟಿದ್ದು ಮೂರನೆಯದರಲ್ಲಿ ಅನ್ನುವುದು ನಿಮಗಷ್ಟೇ ಗೊತ್ತು.

ಶುರು ಮಾಡುವ ಮುಂಚೆ ಎಲ್ಲವನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ ಪಕ್ಕಕ್ಕಿಡಿ. ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗಲಿ, ಒಂದೆರಡು ವಾರ ಹಾಗೇ ಇರಲಿ. ಬಿನ್ ಖಾಲಿ ಮಾಡುವ ತನಕ ಜಾಗ ಸಿಗುವುದಿಲ್ಲ, ಆದರೂ ಕಾಯಿರಿ. ಪೆನ್‌ಡ್ರೈವ್‌ನಿಂದ ಅಳಿಸಿದ್ದು ಬಿನ್‌ಗೆ ಬರುವುದೇ ಇಲ್ಲ, ನೇರ ಹೋಗಿಬಿಡುತ್ತದೆ, ಅಲ್ಲಿ ಇನ್ನೂ ಹುಷಾರು. ವಿಂಡೋಸ್ 10ರ ಕೆಲವು ಆವೃತ್ತಿಗಳಲ್ಲಿ, 2018ರ ಕೊನೆಗೆ ಬಂದ 1809ರಿಂದ, ಡಿಸ್ಕ್ ಕ್ಲೀನಪ್ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಸೇರಿಕೊಂಡಿತ್ತು. ನಿಮ್ಮಲ್ಲಿ ಅದು ಕಂಡರೆ ಟಿಕ್ ತೆಗೆದುಬಿಡಿ.

ಪ್ರಶ್ನೆ: ಟೈಪಿಂಗ್ ಕೆಲಸ ಮಾಡುತ್ತೇನೆ. ಫಾಂಟ್ಸ್ ಫೋಲ್ಡರ್‌ನಲ್ಲಿ ನುಡಿ ಫಾಂಟ್‌ಗಳು ಒಂದೇ ಥರದವು ಬಹಳ ಇವೆ. ನಕಲು ಅಂತ ಅಳಿಸಬಹುದಾ?
(ಓದುಗರೊಬ್ಬರು, ಮಂಡಿಪೇಟೆ, ದಾವಣಗೆರೆ)

ಉತ್ತರ: ಬೇಡ. ನೋಡಲು ಒಂದೇ ಥರ ಇದ್ದರೂ ಅವು ಬೇರೆ ಬೇರೆ ಫಾಂಟ್‌ಗಳು. ಯೂನಿಕೋಡ್‌ಗಿಂತ (ಯಾವ ಕಂಪ್ಯೂಟರ್‌ನಲ್ಲೂ ಕನ್ನಡ ಕಾಣುವಂತೆ ಮಾಡುವ ಈಗಿನ ಪದ್ಧತಿ) ಮೊದಲಿನ ನುಡಿಯಲ್ಲಿ ಮಾಡಿದ ಹಳೇ ಫೈಲ್‌ಗಳಿಗೆ ಅದೇ ಫಾಂಟ್ ಬೇಕು. ಅಳಿಸಿದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಎಲ್ಲ ಸೇರಿಸಿದರೂ ಅವು ತಿನ್ನುವ ಜಾಗ ಒಂದು ಚಿಕ್ಕ ವಿಡಿಯೋದಷ್ಟೂ ಇಲ್ಲ.

ಪ್ರಶ್ನೆ: ಬ್ಯಾಕಪ್ ಒಳಗೆ ಬ್ಯಾಕಪ್ ಮಾಡಿ ಒಂದು ಫೋಲ್ಡರ್ ಅಳಿಸಲಾಗದಂತಾಗಿದೆ, ಹೆಸರು ತುಂಬಾ ಉದ್ದ ಅನ್ನುತ್ತದೆ. ಇನ್ನೊಂದು ಫೋಲ್ಡರ್ ಕರೆಂಟ್ ಹೋದಾಗ ಕಾಪಿ ಆಗುತ್ತಿತ್ತು, ಅದು ತೆರೆಯುವುದೂ ಇಲ್ಲ, ಅಳಿಸುವುದೂ ಆಗುತ್ತಿಲ್ಲ.
(ಓದುಗರೊಬ್ಬರು, ಹೊಳಲ್ಕೆರೆ)

ಉತ್ತರ: ಮೊದಲನೆಯದು ಸುಲಭ. ಡ್ರೈವ್ ಹೆಸರಿನಿಂದ ಫೈಲ್ ಹೆಸರಿನ ತನಕ ಎಲ್ಲ ಸೇರಿ 260 ಅಕ್ಷರದ ಮಿತಿ ಇದೆ, ನಿಮ್ಮದು ದಾಟಿದೆ. ಹೊರಗಿನ ಫೋಲ್ಡರ್‌ನಿಂದ ಒಳಗೆ ಹೋಗುತ್ತಾ ಒಂದೊಂದರ ಹೆಸರನ್ನೂ ಒಂದಕ್ಷರ ಮಾಡಿ, ಆಮೇಲೆ ಅಳಿಸಿ. ಫೈಲ್‌ಗಳನ್ನು ಒತ್ತಿ ಚಿಕ್ಕದು ಮಾಡುವ ಸೆವೆನ್ ಜಿಪ್ ಎಂಬ ಪ್ರೋಗ್ರಾಂ ಇದ್ದರೆ ಅದರ ಫೈಲ್ ಮ್ಯಾನೇಜರ್‌ನಿಂದ ನೇರವಾಗಿಯೂ ಹೋಗುತ್ತದೆ.

ಎರಡನೆಯದರಲ್ಲಿ, ಯಾವ ಫೈಲ್ ಎಲ್ಲಿದೆ ಎಂಬ ಡಿಸ್ಕ್‌ನ ಲೆಕ್ಕಪಟ್ಟಿಯೇ ಕೆಟ್ಟಿರುವಂತಿದೆ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಟೂಲ್ಸ್, ಅಲ್ಲಿ ಎರರ್ ಚೆಕಿಂಗ್ ಓಡಿಸಿ. ಸಿ ಡ್ರೈವ್ ಆದರೆ ಮುಂದಿನ ಸಲ ಆನ್ ಮಾಡುವಾಗ ಓಡಿಸಲಾ ಎಂದು ಕೇಳುತ್ತದೆ, ಹೂಂ ಅನ್ನಿ. ಮುಗಿದ ಮೇಲೆ ಆ ಫೋಲ್ಡರ್ ಸಾಮಾನ್ಯವಾಗಿ ಅಳಿಸಲು ಬರುತ್ತದೆ. ಆದರೆ ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಬೇರೆ ಫೈಲ್‌ಗಳೂ ನಿಧಾನವಾಗಿ ತೆರೆಯುತ್ತಿದ್ದರೆ ಚೆಕಿಂಗೂ ಬೇಡ, ಡಿಲೀಟೂ ಬೇಡ. ಬೇಕಾದ ಫೈಲ್‌ಗಳನ್ನು ಇವತ್ತೇ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ.